ಜಯವಂತನ ಅಜ್ಜನ ಊರು

ಸಯನ್, ಮುಂಬಯಿ
12-10-1971

ಪ್ರೀತಿಯ ಅಪ್ಪನಿಗೆ ಕರುಣಾಳ ನಮಸ್ಕಾರ.

ನಿನ್ನ ಅಜ್ಜನ ತಮ್ಮ ಮುಂಬಯಿಗೆ ಓಡಿಹೋಗಿದ್ದ, ಅವನೇ ಜಯವಂತನ ಅಜ್ಜ ಇರಬೇಕು, ಹಾಗಿದ್ದರೆ ಜಯವಂತ ನಿನಗೆ ಅಣ್ಣನಾಗುತ್ತಾನೆ, ಮದುವೆ ಆಗದು ಎಂದು ಬರೆದಿದ್ದಿರಿ. ಅದಕ್ಕೇ ಜಯವಂತನ ಮನೆಯವರ ಚರ್ಚಿಗೆ ಹೋಗಿದ್ದೆ. ಮಳೆಗೆ ತೊಯ್ದ ದೀಕ್ಷಾಸ್ನಾನದ ಹಳೆಯ ರಿಜಿಸ್ಟರುಗಳನ್ನು ಪಾದ್ರಿಗಳ ಹೆಂಡತಿ ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಒಣಗಲು ಹರಡಿದ್ದರು. ಇಬ್ಬರೂ ಕಾಗೆ ಓಡಿಸುತ್ತ ಜಯವಂತನ ಅಜ್ಜನ ಹೆಸರು ಹುಡುಕಿದೆವು.

“ಇಲ್ಲೈತಿ ನೋಡವಾ. ತಂದಿ ನಿಂಗಪ್ಪ, ಊರು ನರಗುಂದ,” ಎಂದು ಅವರೇ ಓದಿದರು.

ನಮ್ಮ ಮುತ್ತಜ್ಜ ಬೆಟಗೇರಿಯ ಸಂಗಪ್ಪ. ಎರಡೂ ಮನೆತನ ಬೇರೆ ಬೇರೆ, ಅಪ್ಪ.

ನನ್ನ ಕೆಮ್ಮು ಗುಣವಾಗಿದೆ. ನಿಮ್ಮ ಒಪ್ಪಿಗೆ ಕೇಳಲು ಜಯವಂತ ಶನಿವಾರ ರೈಲು ಹತ್ತುತ್ತಾನೆ. ಅವನಿಗೆ ಖಾರ ತಡೆಯದು, ಅವ್ವನಿಗೆ ಹೇಳಿ.

ಕರುಣಾ