ಬಡಿಸುವ ಕೈಯನ್ನು ಅಂಟೆಂದವರು ಬಂದು ಪಂಕ್ತಿಯಲ್ಲಿ ಕೂಡಲಿ

ಹಾಗಾದರೆ, ಮಾನ್ಯ ತಾಲೂಕು ಆರೋಗ್ಯಾಧಿಕಾರಿಗಳೇ, ನಿನ್ನೆ ಜೀಪು ಹತ್ತುತ್ತ "ನೋಡೂಣ್ರಿ ಅಜ್ಜಾರ" ಎಂದಿರಲ್ಲ, ಅಲ್ಲಿಂದಲೇ ಮುಂದುವರಿಸುತ್ತೇನೆ. ಇನ್ನು ನೋಡುವುದೇನುಳಿದಿದೆ? ನಿಮ್ಮವರು ನೋಡಿಯೇ ನನಗೆ ಈ ಗತಿ ಬಂದದ್ದು. ಸಾಂಬ್ರಾಣಿ ಊರಿನ ನಮ್ಮ ಮಠದಲ್ಲಿ ನಡೆದ ಚರ್ಮರೋಗ ಶಿಬಿರದಲ್ಲಿ ನಿಮ್ಮ ಸಿಬ್ಬಂದಿ ನನ್ನ ತೋಳಿನ ಕೆಂಪು ಕಲೆಗಳನ್ನು ಮಾರು ದೂರದಿಂದಲೇ ಪರೀಕ್ಷಿಸಿ, ಗಜಕರ್ಣವೆಂದು ತೀರ್ಮಾನಿಸಿ, "ಇದು ಅಂಟು, ಮುಟ್ಟಬ್ಯಾಡ್ರಿ" ಎಂದು ಮೈಕಿನಲ್ಲಿ ಸಾರಿದರು. ಸೀಯಿಂಗ್ ಈಸ್ ಸಮ್‌ಥಿಂಗ್ ಎಂದು ಇಂಗ್ಲಿಷಿನಲ್ಲಿ ಏನೋ ಇದೆ. ಕಾಲೇಜಿನಲ್ಲಿ ಕಲಿತದ್ದು, ಬಾಲ ಮರೆತಿದೆ. ದೂರದಿಂದ ನೋಡಿದರೂ ಸಾಕೆಂದು ಅದರಲ್ಲಿರಲಿಲ್ಲ.

ಸೋಮವಾರದ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸುವವನು ನಾನು. ಸಾಲಿನ ಕೊನೆಯವರಿಗೂ ಬಿಸಿಯಾಗಿಯೇ ಮುಟ್ಟಿಸುವವನಿಗೆ ನಮ್ಮಲ್ಲಿ ಒಂದು ಮರ್ಯಾದೆ ಇದೆ. ನನ್ನ ಹೆಂಡತಿ ಸುನಂದಾ ತೀರಿಕೊಂಡ ಮೇಲೆ ನನ್ನನ್ನು ಜನರ ನಡುವೆ ನಿಲ್ಲಿಸಿದ್ದು ಅದೊಂದೇ. ತನಗೆ ತಾನೇ ಬಡಿಸಿಕೊಳ್ಳುವುದು ಬಡಿಸಿದಂತಾಗುತ್ತದೆಯೇ? ಅವಳಿದ್ದಾಗ ಹುಗ್ಗಿಗೆ ಗಸಗಸೆ ಹೆಚ್ಚು ಹಾಕುತ್ತಿದ್ದಳು... ಇರಲಿ, ದಾರಿ ತಪ್ಪುತ್ತಿದ್ದೇನೆ.

ಹುಬ್ಬಳ್ಳಿಯ ಡಾಕ್ಟರು ಕಲೆಯ ಚೂರು ತೆಗೆಸಿ ಪರೀಕ್ಷಿಸಿದರು. ಗಜಕರ್ಣವಲ್ಲ, ಚರ್ಮದಲ್ಲೇ ಬೀಡುಬಿಡುವ ಅಪರೂಪದ ಕ್ಯಾನ್ಸರ್. ಮುಟ್ಟಿದರೆ ಹರಡುವುದಿಲ್ಲ. "ಮೆಲ್ಲಗ ನಡಿಯೂ ಜಡ್ಡು ಐತ್ರಿ, ನೀವೂ ಅದರ ಸಂಗಾಟ ಮೆಲ್ಲಗ ನಡೀರಿ" ಎಂದರು. ನಡೆಯುತ್ತಿದ್ದೇನೆ. ಬಸ್ಸು ಹಿಡಿದು ಹೋಗಿ, ಅಂಗಿ ಕಳಚಿ, ಬೆಳಕಿನ ಚಿಕಿತ್ಸೆ ಕೊಡುವ ಪೆಟ್ಟಿಗೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲುತ್ತೇನೆ. ತುರಿಕೆ ಎದ್ದಾಗ ಒದ್ದೆ ಪಂಜೆ ಸುತ್ತಿಕೊಳ್ಳುತ್ತೇನೆ. ಕ್ಯಾನ್ಸರಿನೊಡನೆ ಹೇಗೋ ಬಾಳುವೆ ನಡೆದಿದೆ. ನಿಮ್ಮ ಮೈಕಿನೊಡನೆ ಬಾಳುವುದು ಹೇಗೆ, ಹೇಳಿ?

ಮಠದ ಅಡುಗೆ ನೋಡಿಕೊಳ್ಳುವ ಮಹಾದೇವಕ್ಕನಿಗೆ ಎಲ್ಲ ವಿವರಿಸಿದೆ.

"ಕ್ಯಾನ್ಸರ್ ಅಂತ ಹೇಳಿ ಮಂದಿನ್ನ ಇನ್ನಷ್ಟು ಹೆದರಸ್ತೀರಲ್ರಿ ಅಯ್ಯಾರ! ಗಜಕರ್ಣನ ಚಲೋ ಇತ್ತು."

"ಅಂಟೂದಿಲ್ಲಬೇ ಯಕ್ಕಾ."

"ನನಗೇನು ಹೇಳ್ತೀರಿ? ಹಿಡೀರಿ ಸೌಟ. ಕುಂತವರು ತಗೋತಾರೋ ಇಲ್ಲೋ ನೋಡ್ರಿ."

ಹಿಡಿದೆ. ಸಾಲಿಗಿಳಿದೆ. ಮಾನ್ಯರೇ, ಯಾರೂ ಬೈಯಲಿಲ್ಲ. ಬೇಕಾದಷ್ಟು ಉಂಡ ಮೇಲೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ನಮ್ಮ ಪದ್ಧತಿ. ಅಂದು ಏನೂ ಬಡಿಸದ ಖಾಲಿ ಎಲೆಗಳ ಮೇಲೆ ಒಂದೊಂದಾಗಿ ಕೈಗಳು ಅಡ್ಡ ಬಂದವು. "ಸಾಕ್ರಿ ಅಯ್ಯಾರ." "ಹೊಟ್ಟಿ ತುಂಬೇತ್ರಿ." ನೆರೆಮನೆಯ ಪರಸಪ್ಪ, ನನ್ನ ಹುಗ್ಗಿಗೆಂದೇ ಬೆಳಿಗ್ಗೆಯಿಂದ ಉಪವಾಸವಿರುವವನು, ತಲೆ ತಗ್ಗಿಸಿಕೊಂಡೇ ಕೈ ಅಡ್ಡ ಹಿಡಿದ. ಇಷ್ಟು ವಿನಯದ ಬಹಿಷ್ಕಾರ ಯಾವ ಕಾಯಿದೆಯಲ್ಲಿದೆ?

ನಿನ್ನೆ ನೀವು ಡಾಕ್ಟರ ವರದಿ ಓದಿ ಅಂಟಲ್ಲವೆಂದು ಒಪ್ಪಿದಿರಿ, ಧನ್ಯವಾದ. ಆದರೆ ಅದನ್ನು ಊರಿಗೆ ಹೇಳುವುದು ತಮ್ಮ ವ್ಯಾಪ್ತಿಯಲ್ಲಿಲ್ಲವಂತೆ! ತಪ್ಪು ಸಾರುವಷ್ಟು ವಿಶಾಲವಾದ ವ್ಯಾಪ್ತಿ ತಿದ್ದುವಾಗ ಯಾಕೆ ಇಷ್ಟು ಕುಗ್ಗುತ್ತದೆ?

ನನಗೆ ಸುತ್ತೋಲೆ ಬೇಡ, ಪರಿಹಾರ ಬೇಡ. ಬರುವ ಸೋಮವಾರ ವಿತ್ ಇಮಿಡಿಯೇಟ್ ಎಫೆಕ್ಟ್ ತಾವೇ ಮಠಕ್ಕೆ ಬರಬೇಕು. ಎಲ್ಲರೆದುರು ಸತ್ಯ ಹೇಳಬೇಕು. ಆಮೇಲೆ ಪಂಕ್ತಿಯ ಮೊದಲ ಎಲೆಗೆ ಕೂತು, ನಾನು ಬಡಿಸಿದ್ದನ್ನು ಉಣ್ಣಬೇಕು. ದಯವಿಟ್ಟು ಹಸಿದು ಬನ್ನಿ.

ಪರಸಪ್ಪನ ಬಗ್ಗೆ ಇನ್ನೊಂದು ಮಾತಿತ್ತು, ಅವನು ಕೆಟ್ಟವನಲ್ಲ... ಹೊತ್ತು ಇಳಿಯಿತು, ಗೆರೆಗಳು ಕಾಣುತ್ತಿಲ್ಲ. ಇಲ್ಲಿಗೇ ನಿಲ್ಲಿಸುತ್ತೇನೆ.

ಇಂತಿ,
ಕ್ಯಾನ್ಸರಿಗೆ ಒಗ್ಗಿ, ಇಲಾಖೆಗೆ ಇನ್ನೂ ಒಗ್ಗದ
ಅಡಿವೆಯ್ಯ, ಸಾಂಬ್ರಾಣಿ