ಹೊಕ್ಕುಳಮಣ್ಣು ಇಲ್ಲದ ಮಕ್ಕಳು

ವಾಯಿಕೇನಾ ದ್ವೀಪ,
ಫೆಬ್ರವರಿ ೩೦, ೨೧೭೧

ಹೊನ್ನಾವರದಿಂದ ಹಡಗಿನ ಅಡುಗೆಯವರಾಗಿ ಬಂದು, ಇಲ್ಲೇ ಮದುವೆಯಾಗಿ ಊರ ಹಿರಿಯರಾದ ನಮ್ಮ ಜಟ್ಟಪ್ಪಜ್ಜನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನೀವು ಹೋಗಿ ಎಷ್ಟೋ ತಲೆಮಾರಾದ ಮೇಲಿನ ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನೀವು ಮನೆಯೊಳಗೆ ಉಳಿಸಿಹೋದ ಕನ್ನಡ ನನ್ನ ಬಾಯಲ್ಲಿ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ಮಾತಿಗಷ್ಟೇ ಕ್ಷಮೆ ಕೇಳುತ್ತಿದ್ದೇನೆ, ಸಿಟ್ಟಿಗಲ್ಲ.

ಊರ ಚಾವಡಿಯಲ್ಲಿ ನೀವೆಲ್ಲ ಕೈಯೆತ್ತಿ ಒಪ್ಪಿದಿರಿ: ಬಸುರಿಯರೆಲ್ಲ ಹೆರಿಗೆಗೆ ದೋಣಿಯಲ್ಲಿ ದೊಡ್ಡ ದೇಶಕ್ಕೆ ಹೋಗಲಿ, ಅಲ್ಲಿ ಒಳ್ಳೆಯ ಆಸ್ಪತ್ರೆಯಿದೆ, ಅಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪೌರತ್ವವೂ ಸಿಗುತ್ತದೆ. ಮಕ್ಕಳ ಒಳ್ಳೆಯದಕ್ಕೇ ಮಾಡಿದಿರಿ, ಸರಿ. ಆದರೆ ಹೊಕ್ಕುಳಮಣ್ಣಿನ ಕಟ್ಟಳೆಯನ್ನು ಹಾಗೇ ಬಿಟ್ಟಿರಲ್ಲ! ಹುಟ್ಟಿದ ದಿನವೇ ಮಗುವಿನ ಹೊಕ್ಕುಳಬಳ್ಳಿಯನ್ನು ಇಲ್ಲಿನ ತೆಂಗಿನ ಬುಡದಲ್ಲಿ ಹೂಳಬೇಕು. ಹೂಳದಿದ್ದರೆ ಆ ಮಗುವಿಗೆ ಊರ ನೆಲದಲ್ಲಿ ಪಾಲಿಲ್ಲ, ಚಾವಡಿಯಲ್ಲಿ ಮಾತಿಲ್ಲ. ನಮ್ಮ ಬಳ್ಳಿಗಳೆಲ್ಲ ಆಸ್ಪತ್ರೆಯ ಕಸದ ಡಬ್ಬಿಗೆ ಹೋದವು. ಊರಿಗೆ ಮರಳಿದ ಮಕ್ಕಳು ಸ್ವಂತ ಮನೆಯಲ್ಲೇ ನೆಂಟರ ಹಾಗೆ ಬೆಳೆದರು. ಎರಡರಲ್ಲಿ ಒಂದನ್ನು ಬಿಟ್ಟಿದ್ದರೂ ಸಾಕಿತ್ತು. ನಿಮ್ಮ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಅಜ್ಜ?

ಈಗ ಇಲ್ಲಿ ಬೆಳಿಗ್ಗೆ ಎದ್ದರೆ ಸಿಹಿಗಿರಣಿ ತಿರುಗಿಸಬೇಕು. ಉಪ್ಪುನೀರನ್ನು ಕುಡಿಯುವ ಹಾಗೆ ಮಾಡುವ ಯಂತ್ರ ಅದು. ಆಮೇಲೆ ತೇಲುವ ತೊಟ್ಟಿಗಳಲ್ಲಿ ಕೆಸುವಿನ ಗೆಡ್ಡೆ ಕೀಳಬೇಕು. ತೆಂಗಿನಕಾಯಿಗಳು ಉದುರುತ್ತಲೇ ಇರುತ್ತವೆ, ಹೆಕ್ಕುವವರಿಲ್ಲ. ಶಾಲೆಯ ಬೆಂಚಿನ ಕೆಳಗೆ ಕೋಳಿಗಳು ಮೊಟ್ಟೆಯಿಡುತ್ತವೆ. ಸಮುದ್ರ ಏರಿತು, ಅದಕ್ಕೇ ಜನ ಹೋದರು ಅನ್ನುತ್ತಾರೆ ಹೊರಗಿನವರು. ಸುಳ್ಳು! ಸಮುದ್ರದ ಜೊತೆ ಏಗುವುದು ನಮಗೆ ಗೊತ್ತಿತ್ತು. ಪಾಲಿಲ್ಲದ ನೆಲಕ್ಕೆ ಯಾರು ತಡೆಗೋಡೆ ಕಟ್ಟುತ್ತಾರೆ? ನನ್ನ ಗಂಡುಮಕ್ಕಳಿಬ್ಬರೂ ಹಾಗೇ ಹೊರಟುಹೋದರು. ದೊಡ್ಡ ದೇಶದ ಅಧಿಕಾರಿಗಳು ಈಗ ಕೇಳುತ್ತಾರೆ, ಈ ದ್ವೀಪದಲ್ಲಿ ಸಾವು ಬಿಟ್ಟರೆ ಹುಟ್ಟೇ ಇಲ್ಲ, ನಿಮಗೆ ದೋಣಿ ಯಾಕೆ ಅಂತ. ಆಹಾ, ಎಂಥ ಲೆಕ್ಕ! ಹೆರುವವರನ್ನೆಲ್ಲ ಅದೇ ದೋಣಿಯಲ್ಲಿ ಹೊತ್ತೊಯ್ದವರು ಯಾರು?

ನನ್ನ ಮಗಳು ಲೋಸೆ ತುಂಬು ಬಸುರಿ. ನಿನ್ನೆ ಅವಳನ್ನು ಕರೆದೊಯ್ಯಲು ದೋಣಿ ಬಂದಿತ್ತು. ಹತ್ತಲ್ಲ ಅಂದಳು. ನನಗಿಲ್ಲದ ಮಣ್ಣು ಇದಕ್ಕಾದರೂ ಇರಲಿ ಅಮ್ಮಾ, ಅಂದಳು. ದೋಣಿಯವನು ಇಬ್ಬರಿಗೂ ಬೈದು ಹೋದ. ನಾನು ಅವಳನ್ನು ಒತ್ತಾಯಿಸಲಿಲ್ಲ.

ಈಗ ನೋವು ಶುರುವಾಗಿದೆ. ನೀರು ಕಾಯಿಸಿಟ್ಟಿದ್ದೇನೆ, ಮುಂದೇನು ಮಾಡಬೇಕೋ ಗೊತ್ತಿಲ್ಲ. ಹೆರಿಗೆ ಮಾಡಿಸಲು ಬಲ್ಲವರು ಈ ದ್ವೀಪದಲ್ಲಿ ಒಬ್ಬರೂ ಇಲ್ಲ. ನಿಮ್ಮ ಕಾಲದಲ್ಲಿ ತಾಫೀನಾ ಅಂತ ಸೂಲಗಿತ್ತಿ ಇದ್ದಳಂತೆ. ಇನ್ನು ನಿನಗೆ ಕೆಲಸವಿಲ್ಲ ಅಂತ ನೀವೇ ಅವಳನ್ನು ಮನೆಗೆ ಕಳಿಸಿದಿರಂತೆ. ಈ ಕಾಗದ ಆ ಸಭೆಗೆ ಮುಂಚೆ ನಿಮ್ಮ ಕೈಸೇರಿದರೆ, ಕೈಯೆತ್ತಬೇಡಿ. ಅಷ್ಟು ಧೈರ್ಯವಿಲ್ಲದಿದ್ದರೆ ನಿಮ್ಮ ಒಬ್ಬ ಮಗಳನ್ನಾದರೂ ತಾಫೀನಾಳ ಪಕ್ಕ ಕೂರಿಸಿ, ಕಲಿಯಲಿ. ಅವಳು ತನ್ನ ಮಗಳಿಗೆ ಕಲಿಸಲಿ. ಲೋಸೆ ಕೂಗುತ್ತಿದ್ದಾಳೆ ಅಜ್ಜ, ನಾನು ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದೇನೆ.

ನಿಮ್ಮ ವಂಶದವಳು,
ತಾವಿನಾ