ಆಯುಧಪೂಜೆಗೆ ಮಾತ್ರ ಬೀಗ ತೆರೆಯುವ ಉಯ್ಯಾಲೆ

ನಗರದ ಉದ್ಯಾನಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕೃಷ್ಣಮೂರ್ತಿಪುರಂನ ನಮ್ಮ ಉದ್ಯಾನದಲ್ಲಿ ನೀವು ಕಟ್ಟಿಸಿದ ಆಟದ ಅಂಗಳದೊಳಗೆ ನನ್ನ ಅಕ್ಕನ ಮಗಳು ಸಿಂಚನ ಹೋಗಲಾರಳು. ಆದರೆ ಅದೇ ಅಂಗಳದ ಗೇಟಿಗೆ ಕಟ್ಟಿರುವ ನಿಮ್ಮ ಫ್ಲೆಕ್ಸಿನಲ್ಲಿ ಅವಳು ಒಂದು ವರ್ಷದಿಂದ ಉಯ್ಯಾಲೆಯ ಮೇಲೆ ಕೂತು ನಗುತ್ತಿದ್ದಾಳೆ. ಈಗ ಆ ಉಯ್ಯಾಲೆಯನ್ನೇ ಕಿತ್ತುಹಾಕಲು ಹೊರಟಿದ್ದೀರಿ. ಕಾರಣ, ‘ಯಾರೂ ಬಳಸುತ್ತಿಲ್ಲ’. ನಿಮ್ಮ ಕಚೇರಿಗೆ ಕೊಟ್ಟ ಮನವಿಗಳು ಯಾವ ಬೀರುವಿನಲ್ಲಿ ನಿದ್ದೆ ಹೋಗಿವೆಯೋ ತಿಳಿಯದು. ಆದ್ದರಿಂದ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಹೋದ ವರ್ಷ ದಸರೆಗೆ ಮುಂಚೆ, ಊರಿನ ಗೋಡೆ ಗೋಡೆಗೂ ಸುಣ್ಣಬಣ್ಣ ಬಳಿಯುವ ಗಡಿಬಿಡಿಯಲ್ಲಿ, ನಿಮ್ಮ ‘ಎಲ್ಲ ಮಕ್ಕಳ ಅಂಗಳ’ ಉದ್ಘಾಟನೆಯಾಯಿತು. ಗಾಲಿಕುರ್ಚಿಯನ್ನು ಹಾಗೆಯೇ ಉರುಳಿಸಿಕೊಂಡು ಹೋಗಿ ಹತ್ತಿಸಬಹುದಾದ ಉಯ್ಯಾಲೆ, ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಮುಟ್ಟಿ ಆಡುವ ಗೋಡೆ, ಗದ್ದಲ ತಾಳಲಾರದ ಮಕ್ಕಳು ಒಂದಷ್ಟು ಹೊತ್ತು ಒಬ್ಬರೇ ಕೂರಲು ಪುಟ್ಟದೊಂದು ಗೂಡು. ಒಪ್ಪುತ್ತೇನೆ, ಯಾರೋ ಮನಸ್ಸಿಟ್ಟು ಹಾಕಿದ ನಕ್ಷೆ ಅದು. ಅವರು ನಿಮ್ಮ ಕಚೇರಿಯವರೇ ಆಗಿದ್ದರೆ ನನ್ನ ನಮಸ್ಕಾರ ತಲುಪಿಸಿ. ಅವರನ್ನು ಈಗ ಎಲ್ಲಿಗೆ ವರ್ಗ ಮಾಡಿದ್ದೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.

ಅಂದು ಬೆಳಿಗ್ಗೆ ನಿಮ್ಮವರೊಬ್ಬರು ಮನೆ ಹುಡುಕಿಕೊಂಡು ಬಂದು ನನ್ನ ಅಕ್ಕ ಚಾಮುಂಡೇಶ್ವರಿಗೆ, ‘ಮೇಡಂ, ಮಗೂಗೆ ಒಳ್ಳೆ ಬಟ್ಟೆ ಹಾಕಿ ಕರ್ಕೊಂಡ್ ಬನ್ನಿ, ಸಾಹೇಬ್ರು ಬರ್ತಾರೆ’ ಎಂದರು. ನಿಮ್ಮ ಕಾರು ಒಳಗೆ ಬರಬೇಕಿದ್ದರಿಂದ ದೊಡ್ಡ ಗೇಟು ತೆರೆದಿತ್ತು. ಕಾರಿನ ಹಿಂದೆಯೇ ಸಿಂಚನಳ ಗಾಲಿಕುರ್ಚಿಯೂ ಹೋಯಿತು. ಉಯ್ಯಾಲೆ ಜೀಕಿದಾಗ ಅವಳು ಹಾಕಿದ ಕೇಕೆಗೆ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಫೋಟೊ ತೆಗೆದರು. ‘ಇವರೆಲ್ಲ ದೇವರ ಮಕ್ಕಳು’ ಎಂದು ನೀವು ಮೈಕಿನಲ್ಲಿ ಹೇಳಿದಿರಿ. ಸಭೆ ಮುಗಿಯಿತು, ಕಾರು ಹೊರಟಿತು, ದೊಡ್ಡ ಗೇಟಿಗೆ ಬೀಗ ಬಿತ್ತು.

ಉಳಿದದ್ದು ಚಿಕ್ಕ ಗೇಟು. ದನ, ಸ್ಕೂಟರು ನುಗ್ಗಬಾರದೆಂದು ಅಲ್ಲಿ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ ನೆಟ್ಟಿದ್ದೀರಿ. ಮೈಯನ್ನು ಓರೆ ಮಾಡಿಕೊಂಡು ನುಸುಳಬೇಕು. ಮನುಷ್ಯರು ನುಸುಳುತ್ತಾರೆ, ಗಾಲಿಕುರ್ಚಿ ಓರೆಯಾಗುವುದಿಲ್ಲ. ಸಿಂಚನಳದು ಅವಳ ಬೆನ್ನಿಗೆ ತಕ್ಕಂತೆ ಮಾಡಿಸಿದ ಕುರ್ಚಿ. ಅದನ್ನು ಮಡಚಲೂ ಬರುವುದಿಲ್ಲ. ಗಾಲಿಕುರ್ಚಿಗೆಂದೇ ಉಯ್ಯಾಲೆ ತರಿಸಿದ ಕಚೇರಿಗೆ, ಆ ಕುರ್ಚಿ ಅಲ್ಲಿಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬ ಪ್ರಶ್ನೆ ಹೊಳೆಯಲಿಲ್ಲವೇ? ಆಕಾಶದಿಂದ ಇಳಿಯುತ್ತದೆಯೇ? ದೇವರ ಮಕ್ಕಳಲ್ಲವೇ, ಇಳಿದರೂ ಇಳಿದಾರು ಎಂದುಕೊಂಡಿರೇನೋ.

ಇನ್ನು ದನಗಳ ವಿಷಯ. ಉದ್ಯಾನದ ಹಿಂದಿನ ಕಾಂಪೌಂಡು ಚರಂಡಿಯ ಕಡೆಗೆ ಕುಸಿದು ತಿಂಗಳುಗಳೇ ಆದವು. ದನಗಳು ಚರಂಡಿ ದಾಟಿ ಒಳಗೆ ಬಂದು, ಉಯ್ಯಾಲೆಯ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತವೆ. ಲಷ್ಕರ್ ಮೊಹಲ್ಲಾದ ಲೂರ್ದುಮೇರಿ ಅಕ್ಕ, ಗದ್ದಲಕ್ಕೆ ಬೆದರುವ ತಮ್ಮ ಮಗ ಕೆವಿನ್‌ನನ್ನು ಆಟೊದಲ್ಲಿ ಇಲ್ಲಿಯವರೆಗೆ ಕರೆತರುತ್ತಿದ್ದರು. ಒಂದು ಸಂಜೆ ಗೇಟಿನ ಬಳಿ ನಮ್ಮನ್ನು ಕಂಡು, ನನ್ನ ಕಡೆ ತಿರುಗಿ, ‘ನೋಡು ತನು, ದನ ಬರಬಾರ್ದು ಅಂತ ಗೇಟ್ ಮಾಡುದ್ರು. ದನ ಒಳಗೈತೆ, ಮಗು ಹೊರಗೈತೆ. ಎಂಥ ಇಂಜಿನಿಯರ್ರೋ ಕಣಮ್ಮ!’ ಎಂದರು. ಅವರ ಮಗನಿಗೆ ನಡೆಯಲು ಬರುತ್ತದೆ, ಒಳಗೆ ಹೋದ. ಹೋದವನು ಅಳುತ್ತಾ ಓಡಿ ಬಂದ. ಗದ್ದಲ ತಾಳದ ಮಕ್ಕಳಿಗೆಂದು ಕಟ್ಟಿದ ಗೂಡಿನಲ್ಲಿ ಬೆಳಗಿನ ವಾಯುವಿಹಾರಿಗಳ ಸಂಘದವರು ತಮ್ಮ ಪ್ಲಾಸ್ಟಿಕ್ ಕುರ್ಚಿಗಳನ್ನೂ ಧ್ವನಿವರ್ಧಕವನ್ನೂ ಇಟ್ಟುಕೊಂಡಿದ್ದಾರೆ. ಅಂದು ಅದರಲ್ಲಿ ಭಕ್ತಿಗೀತೆ ಹಾಕಿದ್ದರು. ಕೆವಿನ್ ಮತ್ತೆ ಬಂದಿಲ್ಲ.

ದೊಡ್ಡ ಗೇಟು ತೆಗೆಯಿರಿ ಎಂದು ಕಾವಲುಗಾರ ಹುಚ್ಚಯ್ಯನವರನ್ನು ಕೇಳಿದೆವು. ‘ಎಂಗ್ ತೆಗೀಲಿ ಕಣಮ್ಮ? ಕೀ ನನ್ ತಾವ ಇಲ್ಲ. ಸಂಘದ ಕಾರ್ಯದರ್ಶಿ ಮನೇಲೈತೆ. ಮೇಲಿನೋರೇ ಕೊಟ್ಬುಟ್ಟವ್ರೆ’ ಎಂದರು. ಸಾರ್ವಜನಿಕ ಉದ್ಯಾನದ ಬೀಗದ ಕೈ ಖಾಸಗಿ ಮನೆಯ ಮೊಳೆಗೆ ಹೇಗೆ ಬಂತು? ಮೇಲಿನವರು ಎಂದರೆ ಎಷ್ಟು ಮೇಲಿನವರು? ಕಾರ್ಯದರ್ಶಿ ಯೋಗೇಂದ್ರ ಅವರು ನಿವೃತ್ತರು, ಸಭ್ಯರು, ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಕೀ ಕೊಡಲಿಲ್ಲ.

‘ನೋಡಮ್ಮಾ, ಒಂದ್ಸಲ ತೆಗೆದ್ರೆ ಎಲ್ರೂ ಗಾಡಿ ನುಗ್ಗಿಸ್ತಾರೆ. ಮಗೂನ ಎತ್ಕೊಂಡು ದಾಟಿಸಿ, ಅದಕ್ಕೇನಂತೆ?’

‘ನಿಮ್ಮನ್ನೂ ದಿನಾ ಯಾರಾದ್ರೂ ಎತ್ತಿ ದಾಟಿಸ್ತಾರಾ ತಾತಾ?’ ಎಂದಳು ಸಿಂಚನ.

‘ಮಗೂಗೆ ಬಾಯಿ ಜೋರು.’

‘ಕಾಲಿಗೆ ಹೋಗ್ಬೇಕಾಗಿದ್ದ ಜೋರೂ ಅಲ್ಲಿಗೇ ಬಂದ್ಬುಟ್ಟಿದೆ ತಾತಾ.’

ಅಕ್ಕ ಅವಳ ಕೈ ಚಿವುಟಿದಳು. ನಾನು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಮಾನ್ಯರೇ, ಅವಳ ಪ್ರಶ್ನೆಗೆ ನೀವಾದರೂ ಉತ್ತರ ಕೊಡುತ್ತೀರಾ? ಎತ್ತಿಕೊಂಡು ಹೋಗಬಹುದು, ಹೋಗಿದ್ದೇವೆ ಕೂಡ. ಬೆಳೆಯುತ್ತಿರುವ ಹುಡುಗಿ, ಅಕ್ಕನ ಸೊಂಟ ಈಗ ಒಪ್ಪುವುದಿಲ್ಲ. ಒಪ್ಪಿದರೂ ಕುರ್ಚಿಯಿಲ್ಲದೆ ಒಳಗೆ ಹೋದವಳು ಮಾಡುವುದಾದರೂ ಏನು? ಬೆಂಚಿನ ಮೇಲೆ ಮೂಟೆಯ ಹಾಗೆ ಕೂರುವುದೇ? ಅದಕ್ಕಿಂತ ಕಂಬಿಯ ಹೊರಗಿರುವುದೇ ವಾಸಿ ಎನ್ನುತ್ತಾಳೆ. ಕೇರಿಯ ಮಕ್ಕಳು ಒಳಗೆ ಐಸ್‌ಪೈಸ್ ಆಡುವಾಗ ಅವಳು ಹೊರಗಿನಿಂದಲೇ ತೀರ್ಪುಗಾರ್ತಿ. ‘ಏಯ್, ಕಣ್ ಬಿಟ್ಟೆ ಕಣೋ, ಮೋಸ!’ ಎಂದು ಕಂಬಿಯ ಸಂದಿಯಿಂದ ಕೂಗುತ್ತಾಳೆ. ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಅಂಗಳ ಎಂದಿರಲ್ಲ, ಅದು ಇದೇ ಇರಬೇಕು.

ಆ ದೊಡ್ಡ ಗೇಟು ತೆರೆಯುವುದೇ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಮೊನ್ನೆ ಆಯುಧಪೂಜೆಯಂದು ತೆರೆದಿತ್ತು. ಸುದ್ದಿ ತಿಳಿದದ್ದೇ ತಡ ಸಿಂಚನಳ ಕುರ್ಚಿಯನ್ನು ಓಡಿಸಿಕೊಂಡು ಹೋದೆವು. ಒಳಗೆ ಸಂಘದವರೂ ನಿಮ್ಮ ಕಚೇರಿಯ ಸಿಬ್ಬಂದಿಯೂ ಸೇರಿ ಉಯ್ಯಾಲೆಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ್ದರು. ಬೂದುಗುಂಬಳ ಒಡೆದರು, ಮಂಗಳಾರತಿ ಆಯಿತು. ಸಿಂಚನ ಕೈಮುಗಿದು, ಕುಂಕುಮ ಇಟ್ಟುಕೊಂಡು, ಕುರ್ಚಿಯ ಬ್ರೇಕು ಬಿಟ್ಟು ಮುಂದೆ ಹೊರಟಳು. ತಡೆದರು. ‘ಇವತ್ತು ಮುಟ್ಟಬಾರ್ದು ಪುಟ್ಟಿ. ಪೂಜೆಗಿಟ್ಟ ಆಯುಧ ಅಲ್ವಾ? ನಾಳೆ ಬಾ.’ ಸಂಪ್ರದಾಯ ನಮಗೂ ಗೊತ್ತು. ನಾನು ದುಡಿಯುವ ಹೆಬ್ಬಾಳದ ಕಾರ್ಖಾನೆಯಲ್ಲೂ ಪೂಜೆಯಾದ ಯಂತ್ರವನ್ನು ಅಂದು ಚಾಲೂ ಮಾಡುವುದಿಲ್ಲ. ಆದರೆ ನಮ್ಮ ಯಂತ್ರಗಳು ವರ್ಷವೆಲ್ಲ ದುಡಿದು ಒಂದು ದಿನ ವಿಶ್ರಾಂತಿ ಪಡೆಯುತ್ತವೆ. ವರ್ಷವೆಲ್ಲ ಸುಮ್ಮನೆ ನಿಂತ ನಿಮ್ಮ ಉಯ್ಯಾಲೆ ಯಾವ ದುಡಿಮೆಯ ದಣಿವಾರಿಸಿಕೊಳ್ಳಬೇಕಿತ್ತು? ಮರುದಿನ ವಿಜಯದಶಮಿ. ಊರೆಲ್ಲ ಜಂಬೂಸವಾರಿಗೆ ಹೋಗಿತ್ತು, ಗೇಟಿಗೆ ಬೀಗವಿತ್ತು. ಒಣಗಿದ ಹಾರವನ್ನು ದನವೊಂದು ತಿನ್ನುತ್ತಿತ್ತು.

ದಸರೆಯ ಬೆನ್ನಿಗೇ ಟೇಪು ಹಿಡಿದ ಇಬ್ಬರು ಬಂದು ಉಯ್ಯಾಲೆಯ ಸುತ್ತ ಅಳೆದರು. ಏನೆಂದು ಕಂಬಿಯಾಚೆಯಿಂದ ಕೇಳಿದೆ. ‘ಇದ್ರಲ್ಲಿ ಯಾರೂ ಆಡಲ್ವಂತಲ್ಲ ಮೇಡಂ, ತೆಗ್ದು ದೊಡ್ಡೋರು ಎಕ್ಸರ್‌ಸೈಜ್ ಮಾಡೋ ಮಿಷಿನ್ ಹಾಕ್ತಾರೆ’ ಎಂದರು. ನಿಮ್ಮ ಕಚೇರಿಗೆ ಫೋನು ಮಾಡಿದರೆ, ‘ಬಳಕೆ ಇಲ್ಲ ಅಂತ ವರದಿ ಇದೆ’ ಎಂಬ ಉತ್ತರ ಬಂತು.

ಮೊದಮೊದಲು ಇದೆಲ್ಲ ಮರೆವು ಎಂದುಕೊಂಡಿದ್ದೆ. ನಕ್ಷೆ ಹಾಕಿದವರು ಗೇಟನ್ನು ಮರೆತರು, ಗೇಟು ಹಾಕಿದವರು ಮಗುವನ್ನು ಮರೆತರು. ಆದರೆ ಮರೆವು ಇಷ್ಟು ಅಚ್ಚುಕಟ್ಟಾಗಿರುತ್ತದೆಯೇ? ಉದ್ಘಾಟನೆಗೆ ಮಗು ಬೇಕು, ಆಮೇಲೆ ಬೇಡ. ದಾರಿ ಮುಚ್ಚುವುದು, ವರ್ಷ ಕಾಯುವುದು, ಯಾರೂ ಬರಲಿಲ್ಲ ಎಂದು ಬರೆಯುವುದು. ಬಾವಿಗೆ ಬೀಗ ಜಡಿದು, ಈ ಊರಿನಲ್ಲಿ ಬಾಯಾರಿದವರೇ ಇಲ್ಲ ಎಂದಂತಾಯಿತು. ‘ಅಂಥ ಮಕ್ಕಳು ಎಷ್ಟು ಜನ ಇದ್ದಾರು?’ ಎಂದು ನಿಮ್ಮ ಸಿಬ್ಬಂದಿ ನನ್ನನ್ನೇ ಕೇಳಿದರು. ಮನೆಯೊಳಗೆ ಕೂತಿರುವ ಮಕ್ಕಳನ್ನು ಬೀದಿಯಲ್ಲಿ ನಿಂತು ಎಣಿಸುವ ವಿದ್ಯೆ ಯಾವುದು ಸ್ವಾಮಿ? ನಾನು ಹೆಚ್ಚು ಓದಿದವಳಲ್ಲ. ಪಾಳಿ ಮುಗಿಸಿ ಬರುವಾಗ ಬಸ್ಸಿನಲ್ಲಿ ಕರಪತ್ರಗಳನ್ನು ಓದುತ್ತೇನೆ. ಆಟವೂ ಅಂಗವಿಕಲರ ಹಕ್ಕು ಎಂದು ಕಾಯ್ದೆ ಹೇಳುವುದನ್ನು ನಾನು ಅವುಗಳಿಂದಲೇ ತಿಳಿದೆ. ಕರುಣೆ ಎಂಬ ಮಾತು ಅವುಗಳಲ್ಲಿ ಎಲ್ಲೂ ಕಾಣಲಿಲ್ಲ.

ಕಳೆದ ವಾರ ಗೇಟಿನ ಮುಂದೆ ನಿಂತಿದ್ದಾಗ ಸಿಂಚನ ಫ್ಲೆಕ್ಸನ್ನೇ ನೋಡುತ್ತಿದ್ದಳು. ‘ಚಿಕ್ಕಿ, ಅದು ನಾನೇ ಅಲ್ವಾ?’ ಎಂದಳು. ಹೌದು ಎಂದೆ. ‘ಮತ್ತೆ ಅವಳನ್ನ ಮಾತ್ರ ಯಾಕೆ ಒಳಗೆ ಬಿಟ್ಟವ್ರೆ?’ ಎಂದಳು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಉಯ್ಯಾಲೆಯ ಒಂದು ಮೊಳೆಯನ್ನೂ ಮುಟ್ಟಬೇಡಿ. ಚಿಕ್ಕ ಗೇಟಿನ ಪೈಪುಗಳನ್ನು ಕೀಳಿಸಿ, ಕುರ್ಚಿ ನೇರವಾಗಿ ಹೋಗುವ ದಾರಿ ಮಾಡಿ. ದನಗಳ ಚಿಂತೆಯಿದ್ದರೆ ಹಿಂದಿನ ಗೋಡೆ ಕಟ್ಟಿಸಿ. ಗೂಡಿನಿಂದ ಧ್ವನಿವರ್ಧಕ ಹೊರಗೆ ಬರಲಿ, ಕೆವಿನ್ ಒಳಗೆ ಹೋಗಲಿ. ದಾರಿ ಆಗುವವರೆಗೆ ದೊಡ್ಡ ಗೇಟಿನ ಕೀ ಹುಚ್ಚಯ್ಯನವರ ಸೊಂಟದಲ್ಲಿರಲಿ, ದಿನವೂ ಸಂಜೆ ಬೀಗ ತೆಗೆಯಲಿ.

ಈ ಪತ್ರ ಅಚ್ಚಾದ ಮೇಲೆ ನೀವೇನು ಮಾಡುತ್ತೀರಿ ಎಂಬುದನ್ನೂ ಊಹಿಸಬಲ್ಲೆ. ಭಾನುವಾರ ಒಂದು ಗಂಟೆ ಗೇಟು ತೆರೆಸಿ, ಹಾರ ತರಿಸಿ, ಸಿಂಚನಳನ್ನು ಕರೆಸುತ್ತೀರಿ. ಅವಳು ಬರುವುದಿಲ್ಲ. ಅವಳು ಬರುವುದು ಯಾವ ಹಬ್ಬವೂ ಇಲ್ಲದ, ಯಾವ ಸಾಹೇಬರೂ ಬಾರದ ಒಂದು ಮಂಗಳವಾರ, ಶಾಲೆ ಬಿಟ್ಟ ಮೇಲೆ, ಉಳಿದ ಮಕ್ಕಳು ಬರುವ ಹಾಗೆ. ಅಂದು ಫೋಟೊ ತೆಗೆಯುವವರನ್ನು ಕಳುಹಿಸಬೇಡಿ. ಅವಳ ಫೋಟೊ ನಿಮ್ಮ ಹತ್ತಿರ ಈಗಾಗಲೇ ಇದೆ.

ಇಂತಿ,
ಕಂಬಿಯ ಹೊರಗಿನಿಂದ, ನಿಮ್ಮ ಮಾತನ್ನು ಇನ್ನು ಕಣ್ಣಿಂದ ಕಂಡರಷ್ಟೇ ನಂಬುವ
ತನುಶ್ರೀ
(ನಿಮ್ಮ ಫ್ಲೆಕ್ಸಿನಲ್ಲಿ ನಗುತ್ತಿರುವ ಹುಡುಗಿಯ ಚಿಕ್ಕಮ್ಮ)
ಕೃಷ್ಣಮೂರ್ತಿಪುರಂ, ಮೈಸೂರು